ಟಿಎನ್‌ಎಫ್ ಸೆಲ್‌ನ ಉಳ್ಸುತ್ತಾ, ಸಾಯ್ಸುತ್ತಾ?
ಬ್ಯಾಕ್ಟೀರಿಯಾ ಇನ್ಫೆಕ್ಷನ್ ಆದಾಗ ಟಿಎನ್‌ಎಫ್ (ರೋಗನಿರೋಧಕ ಸೆಲ್‌ಗಳು ಬಿಡೋ, ಉರಿಯೂತ ಎಬ್ಬಿಸೋ ಒಂದು ಸಿಗ್ನಲ್ ಪ್ರೋಟೀನ್) ಸೆಲ್‌ನ ಉಳ್ಸುತ್ತೆ ಅಂತ ಒಂದ್ಕಡೆ, ಸಾಯ್ಸುತ್ತೆ ಅಂತ ಇನ್ನೊಂದ್ಕಡೆ ಓದಿದೆ, ಯಾವ್ದು ನಿಜ ಅಂತ ಕೇಳಿದೀರ. ಎರಡೂ ನಿಜಾನೇ ರೀ. ಟಿಎನ್‌ಎಫ್ ಬಂದು ಸೆಲ್ ಮೇಲಿನ ರಿಸೆಪ್ಟರ್‌ಗೆ ಅಂಟ್ಕೊಂಡಾಗ ಮಾಮೂಲಾಗಿ ಎನ್‌ಎಫ್-ಕಪ್ಪಾ-ಬಿ (ಜೀನ್‌ಗಳನ್ನ ಚಾಲೂ ಮಾಡೋ ಪ್ರೋಟೀನ್) ಆನ್ ಆಗಿ ಉರಿಯೂತದ ಜೀನ್‌ಗಳ ಜೊತೆಗೆ ಸೆಲ್ ಬದುಕೋಕೆ ಬೇಕಾದ ಪ್ರೋಟೀನ್‌ಗಳೂ ತಯಾರಾಗ್ತವೆ, ಅಂದ್ರೆ ಸಾಯೋ ದಾರಿ ಇದ್ದೇ ಇರುತ್ತೆ, ಅದಕ್ಕೊಂದು ಬೀಗ ಬಿದ್ದಿರುತ್ತೆ ಅಷ್ಟೇ.

ಈಗ ನನಗೆ ತುಂಬಾ ಇಷ್ಟವಾದ ಭಾಗ. ಯೆರ್ಸಿನಿಯಾ (ಪ್ಲೇಗ್ ತರೋ ಗುಂಪಿನ) ಬ್ಯಾಕ್ಟೀರಿಯಾ ಯಾಪ್-ಜೆ ಅನ್ನೋ ಪ್ರೋಟೀನನ್ನ ಮ್ಯಾಕ್ರೋಫೇಜ್ (ಬ್ಯಾಕ್ಟೀರಿಯಾನ ನುಂಗೋ ರೋಗನಿರೋಧಕ ಸೆಲ್) ಒಳಗೆ ಚುಚ್ಚಿ ಟ್ಯಾಕ್-1 ಅನ್ನೋ ಕಿಣ್ವನ ಬಂದ್ ಮಾಡುತ್ತೆ, ಉರಿಯೂತದ ಸಿಗ್ನಲ್ ಹೋಗ್ಬಾರ್ದು ಅಂತ, ಆದ್ರೆ ಅದರ ಜೊತೆಗೇ ಆ ಬೀಗಾನೂ ಕಳಚಿ ಬೀಳುತ್ತೆ, ರಿಪ್ಕ್-1 ಮತ್ತು ಕ್ಯಾಸ್ಪೇಸ್-8 ಅನ್ನೋ ಕಿಣ್ವಗಳು ಸೇರಿ ಸೆಲ್‌ನ ಸಾಯ್ಸ್ತವೆ, ಗ್ಯಾಸ್ಡರ್ಮಿನ್-ಡಿ ಅನ್ನೋ ಪ್ರೋಟೀನ್ ಕೂಡ ತುಂಡಾಗಿ ಪೊರೆಯಲ್ಲಿ ತೂತು ಬೀಳ್ತವೆ. ಇಲಿಗಳಲ್ಲಿ ನೋಡಿದ್ರೆ ಈ ಸಾವಿನಿಂದ ದೇಹಕ್ಕೆ ಲಾಭಾನೇ, ಸಿಗ್ನಲ್ ಕೆಡಿಸಿದ್ರೂ ಸೆಲ್ ಸಾಯ್ತಾನೇ ಅಕ್ಕಪಕ್ಕದವಕ್ಕೆ ಎಚ್ಚರಿಕೆ ಕೊಡುತ್ತೆ. ಎಷ್ಟು ಸೊಗಸಾದ ವ್ಯವಸ್ಥೆ ನೋಡಿ! ಕ್ಯಾಸ್ಪೇಸ್-8 ಕೂಡ ಕೆಲ್ಸ ಮಾಡ್ದಿದ್ರೆ ರಿಪ್ಕ್-3, ಎಮ್‌ಎಲ್‌ಕೆಎಲ್ ಅನ್ನೋ ಪ್ರೋಟೀನ್‌ಗಳ ಮೂಲಕ ನೆಕ್ರೋಪ್ಟೋಸಿಸ್ (ಸೆಲ್ ಒಡೆದು ಸಾಯೋ ಇನ್ನೊಂದು ದಾರಿ) ಆಗ್ಬಹುದು.

ಟಿಎನ್‌ಎಫ್ ಪ್ರಮಾಣಾನೂ ಮುಖ್ಯ. ಜೀಬ್ರಾಫಿಶ್‌ಗೆ ಕ್ಷಯದ ಬ್ಯಾಕ್ಟೀರಿಯಾದ ಹತ್ತಿರದ ಸಂಬಂಧಿ ಹಾಕಿ ನೋಡಿದಾಗ ಟಿಎನ್‌ಎಫ್ ಕಮ್ಮಿ ಆದ್ರೂ ಮ್ಯಾಕ್ರೋಫೇಜ್ ಒಡೀತು, ಜಾಸ್ತಿ ಆದ್ರೂ ಒಡೀತು, ಎರಡ್ರಲ್ಲೂ ಬ್ಯಾಕ್ಟೀರಿಯಾ ಹೊರಗೆ ಬಂದು ಬೆಳೀತು. ಸಂಧಿವಾತಕ್ಕೆ ಟಿಎನ್‌ಎಫ್ ತಡೆಯೋ ಔಷಧಿ ಶುರು ಮಾಡೋಕೆ ಮುಂಚೆ ಟಿಬಿ ಟೆಸ್ಟ್ ಮಾಡ್ಸೋದು ಯಾಕೆ ಅಂತ ಕೇಳಿದ್ರಲ್ಲ, ಟಿಎನ್‌ಎಫ್ ಇಲ್ದಿದ್ರೆ ಗ್ರಾನುಲೋಮಾ (ಟಿಬಿ ಬ್ಯಾಕ್ಟೀರಿಯಾನ ಸುತ್ತುವರಿದು ಹಿಡಿದಿಟ್ಟ ಸೆಲ್‌ಗಳ ಗಂಟು) ಸಡಿಲ ಆಗಿ ಒಳಗೆ ಸುಮ್ನಿದ್ದ ಟಿಬಿ ಮತ್ತೆ ಎದ್ದೇಳ್ಬಹುದು, ಅದಕ್ಕೇ.