ಮೊಟ್ಟೆಯ ಕಿಟಕಿ, ಬಿಸಿಲುಕೋಲು

ಡೊಂಬಿವಲಿಯಿಂದ ರಾತ್ರಿಶಾಲೆಯ ನಿವೃತ್ತ ಮಾಷ್ಟ್ರೊಬ್ಬರು ಬರೆದಿದ್ದಾರೆ: "ಭ್ರೂಣದ ಒಂದೊಂದು ಜೀವಕೋಶವನ್ನೂ ಸಿನಿಮಾದಂತೆ ನೋಡಬಹುದು ಎಂದು ಹೋದ ಸಂಚಿಕೆಯಲ್ಲಿ ಹಾಕಿದ್ದೀರಿ. ನಾವು ಬಿ.ಎಸ್ಸಿ.ಯಲ್ಲಿ ಮೊಟ್ಟೆ ಒಡೆದು ಮರಿ ನೋಡಿದವರು. ದುಬಾರಿ ಸೂಕ್ಷ್ಮದರ್ಶಕ ಬಂತು ಅನ್ನೋದು ಬಿಟ್ಟರೆ ಹೊಸತೇನು? ಮೊಮ್ಮಗಳು ಇದನ್ನೇ ಓದುತ್ತೇನೆ ಅನ್ನುತ್ತಾಳೆ, ಓದಿಸಲೇ?"

ಮಾಷ್ಟ್ರೇ, "ಒಂದೊಂದು ಕೋಶವನ್ನೂ" ಅಂತ ಬರೆದದ್ದು ನಮ್ಮ ಉತ್ಸಾಹ ಜಾಸ್ತಿಯಾಗಿ. ಅದಕ್ಕೆ ಆಮೇಲೆ ಬರುತ್ತೇನೆ.

ನೀವು ಒಡೆದು ನೋಡಿದ ಮರಿಯ ಕತೆ ಅಲ್ಲಿಗೇ ಮುಗಿಯಿತು, ಅಲ್ವಾ? ಮೂರನೇ ದಿನಕ್ಕೆ ಒಂದು ಮೊಟ್ಟೆ, ನಾಲ್ಕನೇ ದಿನಕ್ಕೆ ಇನ್ನೊಂದು. ನಡುವೆ ನಡೆದದ್ದು ಬರೀ ಊಹೆ. ಜೀವಂತವಾಗಿಯೇ ನೋಡೋಣವೆಂದರೆ ಬೆಳಕೇ ಶತ್ರು. ಜೋರು ಬೆಳಕಿಗೆ ಕೋಶ ಬಳಲುತ್ತದೆ, ಗುರುತಿಗೆಂದು ಸೇರಿಸಿದ ಹೊಳೆಯುವ ಪ್ರೋಟೀನೂ ಮಾಸುತ್ತದೆ.

ಮಾಟುಂಗಾದ ನಮ್ಮ ಕಚೇರಿಯಲ್ಲಿ ಬೆಳಿಗ್ಗೆ ಒಂಬತ್ತಕ್ಕೆ ಕಿಟಕಿ ಸಂದಿಯಿಂದ ಬಿಸಿಲುಕೋಲು ಬೀಳುತ್ತದೆ. ಹಳೇ ಸಂಚಿಕೆಯ ಕಟ್ಟು ಕೊಡವಿದರೆ ಆ ಕೋಲಿನೊಳಗಿನ ಧೂಳು ಮಾತ್ರ ಮಿನುಗುತ್ತದೆ. ಕೋಣೆಯ ಮಿಕ್ಕ ಧೂಳು ಕಾಣುವುದೇ ಇಲ್ಲ. ಲೈಟ್ ಶೀಟ್ ಸೂಕ್ಷ್ಮದರ್ಶಕದ ಗುಟ್ಟು ಇಷ್ಟೇ. ನೀರುದೋಸೆಗಿಂತಲೂ ತೆಳುವಾದ ಬೆಳಕಿನ ಹಾಳೆಯನ್ನು ಪಕ್ಕದಿಂದ ಹಾಯಿಸಿ, ಬೆಳಗಿದ ಪದರವನ್ನು ಹಾಳೆಗೆ ಲಂಬವಾಗಿಟ್ಟ ಕ್ಯಾಮೆರಾದಲ್ಲಿ ಹಿಡಿಯುತ್ತಾರೆ. ಉಳಿದ ಭ್ರೂಣ ಕತ್ತಲಲ್ಲಿ ಹಾಯಾಗಿರುತ್ತದೆ. ಉಪಾಯವೇನೋ ಹಳೆಯದು. ಗಾಜಿನೊಳಗಿನ ಚಿನ್ನದ ಕಣ ನೋಡಲು ಸೀಡೆಂಟಾಫ್ ಮತ್ತು ಜಿಗ್ಮಂಡಿ ಎಂಬ ವಿಜ್ಞಾನಿಗಳು 1903ರಲ್ಲೇ ಪಕ್ಕದಿಂದ ಬೆಳಕು ಬಿಟ್ಟಿದ್ದರು. ಅದನ್ನು ಜೀವಂತ ಭ್ರೂಣಕ್ಕೆ ಹೊಂದಿಸಿ 2004ರಲ್ಲಿ ತೋರಿಸಿದವರು ಜರ್ಮನಿಯ ಹೈಡೆಲ್‌ಬರ್ಗ್‌ನ ಸಂಶೋಧಕರು. 2008ರಲ್ಲಿ ಜೀಬ್ರಾ ಮೀನಿನ ಭ್ರೂಣದ ಮೊದಲ 24 ಗಂಟೆಯ ಕೋಶಗಳ ಓಡಾಟ ಹೀಗೆಯೇ ದಾಖಲಾಯಿತು.

ಈಗ "ಒಂದೊಂದು ಕೋಶವನ್ನೂ" ಎಂದ ನಮ್ಮ ತಪ್ಪಿಗೆ. ಸಂಜೆ ದಾದರ್ ಸೇತುವೆಯ ಮೇಲೆ ಒಂದು ಕೊಡೆಯ ಹಿಂದೆ ಕಣ್ಣಿಟ್ಟು ನೋಡಿ. ಎವೆಯಿಕ್ಕದೆ ನೋಡಿದರೆ ಸಿಗುತ್ತದೆ. ನಿಮಿಷಕ್ಕೊಮ್ಮೆ ನೋಡಿದರೆ ಅದೇ ಕೊಡೆಯೋ, ಬೇರೆಯೋ? ಕೋಶಗಳೋ ಎಲ್ಲ ಒಂದೇ ಬಣ್ಣದ ಕೊಡೆಗಳು. ಸಾಲದ್ದಕ್ಕೆ ನಡೆನಡೆಯುತ್ತಲೇ ಎರಡಾಗುತ್ತವೆ. ಚಿತ್ರ ಹೆಚ್ಚು ತೆಗೆದರೆ ಬೆಳಕಿನ ಪೆಟ್ಟು ಜಾಸ್ತಿ. ಕಡಿಮೆ ತೆಗೆದರೆ ಕಂಪ್ಯೂಟರಿಗೆ ಗುರುತು ತಪ್ಪುತ್ತದೆ. ಒಮ್ಮೆ ತಪ್ಪಿದರೆ ಸಾಕು, ಮುಂದಿನ ಸಂತಾನವೆಲ್ಲ ಪಕ್ಕದ ಮನೆಯ ಲೆಕ್ಕಕ್ಕೆ ಹೋಗುತ್ತದೆ.

ಅದಕ್ಕೇ ಇನ್ನೊಂದು ದಾರಿಯಿದೆ. ನನಗೆ ಇದೇ ಹೆಚ್ಚು ಇಷ್ಟ. ತಾಳೆಗರಿಯ ಪಾಠಾಂತರ ನೋಡಿದವರಿಗೆ ಸಲೀಸಾಗಿ ಅರ್ಥವಾಗುತ್ತದೆ. ಒಬ್ಬ ಲಿಪಿಕಾರ ಮಾಡಿದ ತಪ್ಪು ಅವನ ಓಲೆ ನೋಡಿ ಬರೆದವರಲ್ಲೂ ಉಳಿಯುತ್ತದೆ. ತಪ್ಪುಗಳನ್ನು ಹೋಲಿಸಿದರೆ ಯಾವ ಪ್ರತಿ ಯಾವುದರಿಂದ ಹುಟ್ಟಿತು ಎಂದು ಹೇಳಬಹುದು. 2016ರಲ್ಲಿ ಜೀಬ್ರಾ ಮೀನಿನಲ್ಲಿ ಇದನ್ನೇ ಮಾಡಿದರು. ಡಿಎನ್‌ಎಯಲ್ಲಿ ಬೇರೆ ಕೆಲಸವಿಲ್ಲದ ಒಂದು ಸಾಲು ಸೇರಿಸಿ, ಭ್ರೂಣ ಬೆಳೆಯುತ್ತಿರುವಾಗ ಕ್ರಿಸ್ಪರ್ ಎಂಬ, ಡಿಎನ್‌ಎ ಕತ್ತರಿಸುವ ಕತ್ತರಿಯಿಂದ ಅದರಲ್ಲಿ ಗೀರು ಬೀಳಿಸಿದರು. ಬೆಳೆದ ಮೀನಿನ ಅಂಗಗಳಲ್ಲಿ ಆ ಗೀರುಗಳನ್ನು ಓದಿದರೆ, ಒಂದೊಂದು ಅಂಗದ ಬಹುಪಾಲು ಕೋಶಗಳಿಗೆ ಭ್ರೂಣಕಾಲದ ಪೂರ್ವಿಕರು ಕೆಲವೇ ಕೆಲವರು! ಆದರೆ ಓದಬೇಕಾದರೆ ಮೀನನ್ನು ಕೊಲ್ಲಲೇಬೇಕು. ಯಾವ ಕೋಶ ಎಲ್ಲೆಲ್ಲಿ ತಿರುಗಿ ಬಂತು ಅನ್ನೋದೂ ತಿಳಿಯದು.

ಮೊಮ್ಮಗಳು ಓದಲಿ. ಕೊಲಾಬಾದ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ (ಟಿಐಎಫ್‌ಆರ್) ಜೀಬ್ರಾ ಮೀನಿನ ಮೇಲೆ, ಪುಣೆಯ ಅಘರ್ಕರ್ ಸಂಸ್ಥೆಯಲ್ಲಿ ಹೈಡ್ರಾ ಎಂಬ ಸಿಹಿನೀರಿನ ಪುಟ್ಟ ಜೀವಿಯ ಮೇಲೆ ಕೆಲಸ ನಡೆದಿದೆ. ಅಂದಹಾಗೆ ಆ ಮೀನು ನಮ್ಮ ಗಂಗಾ ಸೀಮೆಯದೇ.

ಅಲ್ಲಿಯವರೆಗೆ ಮನೆಯಲ್ಲೇ ಶುರುಮಾಡಲಿ. ಅಂಗಡಿಯ ಬಿಳಿ ಮೊಟ್ಟೆ ಆಗದು, ಅದರಲ್ಲಿ ಮರಿ ಬೆಳೆಯುವುದಿಲ್ಲ. ಹುಂಜ ಇರುವ ಮನೆಯ ಗಾವಠಿ (ನಾಟಿ) ಮೊಟ್ಟೆ ತನ್ನಿ. 38 ಡಿಗ್ರಿ ಕಾವು ಕೊಡಿ. ಮೂರನೇ ದಿನ ಸಿರಿಂಜಿನಿಂದ ಸ್ವಲ್ಪ ಬಿಳಿ ಲೋಳೆ ತೆಗೆದು, ಮೇಲೆ ನಾಣ್ಯದಷ್ಟಗಲ ಕಿಟಕಿ ಕತ್ತರಿಸಿ. ಕೆಂಪು ಚುಕ್ಕಿ ಮಿಡಿಯುವುದನ್ನು ನೋಡಿ, ಸೆಲ್ಲೋ ಟೇಪ್ ಅಂಟಿಸಿ ಮತ್ತೆ ಕಾವಿಗಿಡಿ. ಮಾರನೇ ದಿನ ಅದೇ ಮರಿಯನ್ನು ನೋಡಬಹುದು. ಆರು ಮೊಟ್ಟೆಯಾದರೂ ಇಡಿ. ನಾನು ಒಂದೇ ಇಟ್ಟಿದ್ದೆ. ಎರಡನೇ ರಾತ್ರಿ ಕರೆಂಟು ಹೋಯಿತು.

– ಸಂ.