ಆ ಹುಡುಗಿಗೆ ಏನು ಹೇಳಲಿ?

ಪ್ರಶ್ನೆ: ನಾನು ಮದ್ದೂರು ತಾಲ್ಲೂಕಿನ ಹಳ್ಳಿಯೊಂದರ ಶಾಲೆಯಲ್ಲಿ ಶಿಕ್ಷಕಿ. 2023ರ ಬರಗಾಲದಲ್ಲಿ ನಮ್ಮೂರ ಕೆರೆಯ ತಳ ಬಿರುಕು ಬಿಟ್ಟಿತ್ತು. ಈಗ ನೀರಿದ್ದರೂ ಅದರ ಮೇಲೆಲ್ಲ ಅಂತರಗಂಗೆ, ದಡದಲ್ಲಿ ಪ್ಲಾಸ್ಟಿಕ್. ಹವಾಮಾನ ಬದಲಾವಣೆಯ ಪಾಠ ಮುಗಿದ ದಿನ ಐದನೇ ತರಗತಿಯ ಹುಡುಗಿಯೊಬ್ಬಳು, “ಮಿಸ್, ನಾವು ದೊಡ್ಡೋರಾಗೋ ಹೊತ್ಗೆ ಇದೆಲ್ಲ ಇರ್ತದಾ?” ಎಂದು ಕೇಳಿದಳು. ನಾನು ಸುಮ್ಮನಾದೆ. ಹಾಳಾಗುತ್ತಿರುವ ಲೋಕವನ್ನು ಪ್ರೀತಿಸಿ ಎಂದು ಮಕ್ಕಳಿಗೆ ಹೇಳಿದರೆ ಅವರಿಗೆ ಸಂಕಟವನ್ನು ಕಲಿಸಿದಂತಾಗುವುದಿಲ್ಲವೇ?
– ಹೆಸರು ಬೇಡ, ಮಂಡ್ಯ ಜಿಲ್ಲೆ

ಉತ್ತರ: ಆಗುತ್ತದೆ. ಅದನ್ನು ಮುಚ್ಚಿಟ್ಟು ನಿಮಗೆ ಸಮಾಧಾನ ಹೇಳಲಾರೆ.

ನಿಮ್ಮದೇ ತಾಲ್ಲೂಕಿನ ಕೊಕ್ಕರೆ ಬೆಳ್ಳೂರನ್ನು ನೀವು ನೋಡಿಯೇ ಇರುತ್ತೀರಿ. ನಾನು ಮೈಸೂರಿನಿಂದ ಅಲ್ಲಿಗೆ ಹೋದದ್ದು ಒಂದು ಮಾರ್ಚ್ ತಿಂಗಳಲ್ಲಿ. ಹುಣಸೆ ಮರದ ತುಂಬ ಹೆಜ್ಜಾರ್ಲೆ ಮತ್ತು ಬಣ್ಣದ ಕೊಕ್ಕರೆಗಳ ಗೂಡುಗಳಿದ್ದವು. ಕೆಳಗಿನ ಹಿತ್ತಿಲು ಹಿಕ್ಕೆಯಿಂದ ಸುಣ್ಣ ಚೆಲ್ಲಿದಂತೆ ಬೆಳ್ಳಗಾಗಿ, ಕೊಳೆತ ಮೀನಿನ ವಾಸನೆ ಮೂಗಿಗೆ ಅಡರುತ್ತಿತ್ತು. ಇದರ ನಡುವೆ ಹೇಗಿರುತ್ತೀರಿ ಎಂದು ಅಂಗಳ ಗುಡಿಸುತ್ತಿದ್ದ ಅಜ್ಜಿಯನ್ನು ಕೇಳಿದೆ. “ಬಾಣಂತನಕ್ಕೆ ಬಂದ ಮಗಳನ್ನ ವಾಸನೆ ಅಂತ ಯಾರಾದ್ರೂ ಆಚೆಗೆ ಕಳಿಸ್ತಾರಾ?” ಎಂದು ಕೇಳಿ ಅವರು ಪೊರಕೆಯನ್ನು ಮತ್ತೆ ಆಡಿಸತೊಡಗಿದರು. ಗೂಡಿನಿಂದ ಬಿದ್ದ ಮರಿಗಳನ್ನು ಎತ್ತಿ, ಮೀನು ತಿನ್ನಿಸಿ, ಹಾರುವಷ್ಟು ಬಲಿಯುವವರೆಗೆ ಸಾಕಿದ ಊರು ಅದು. 2007ರಲ್ಲಿ ಸರ್ಕಾರ ಅದನ್ನು ಸಮುದಾಯ ಮೀಸಲು ಪ್ರದೇಶವೆಂದು ಘೋಷಿಸುವ ಎಷ್ಟೋ ಮೊದಲೇ ಈ ಹಕ್ಕಿಗಳು ಅಲ್ಲಿಯವರಿಗೆ ಮನೆಮಕ್ಕಳಾಗಿದ್ದವು.

ಆದರೂ 2017ರ ಕೊನೆಯಿಂದ 2018ರ ಆರಂಭದವರೆಗೆ ಜಂತುಹುಳುವಿನ ಬಾಧೆಯಿಂದ ಅಲ್ಲಿ ಹೆಜ್ಜಾರ್ಲೆಗಳು ಒಂದರ ಹಿಂದೊಂದು ಸತ್ತವು. ಹುಳು ಹಕ್ಕಿಯ ಹೊಟ್ಟೆಗೆ ಸೇರುವುದು ಅದು ತಿನ್ನುವ ಮೀನಿನ ಮೂಲಕ. ಆ ಮೀನು ಸಿಗುವುದು ಸುತ್ತಲಿನ ಕೆರೆ, ಹೊಳೆಗಳಲ್ಲಿ. ಮರವನ್ನು ಎಷ್ಟೇ ಅಕ್ಕರೆಯಿಂದ ಕಾಯ್ದರೂ ದೂರದ ಕೆರೆಯ ನೀರು ಆ ಊರಿನವರ ಕೈಯಲ್ಲಿರಲಿಲ್ಲ. ಹಾಗಾದರೆ ಆ ಪ್ರೀತಿಯಿಂದ ಏನು ಬಂತು ಎಂದು ನೀವು ಕೇಳಬಹುದು. ಅಲ್ಲಿ ಸತ್ತ ಹಕ್ಕಿಗಾಗಿ ಮರುಗುವವರಿದ್ದರು, ಆದ್ದರಿಂದಲೇ ಸಾವಿಗೆ ಕಾರಣ ಹುಡುಕುವವರೂ ಬಂದರು. ಯಾರೂ ಹಚ್ಚಿಕೊಳ್ಳದ ಕೆರೆಯಲ್ಲಿ ಹಕ್ಕಿ ಸತ್ತರೆ ಅದು ಅಲ್ಲಿತ್ತೆಂಬುದೂ ಯಾರಿಗೂ ತಿಳಿಯುವುದಿಲ್ಲ. ನೀವು ಹೇಳುವ ಸಂಕಟ ನನಗೆ ಕಾಣುವುದು ಹೀಗೆ, ಹಚ್ಚಿಕೊಂಡವರ ಕಣ್ಣಾಗಿ.

ಆ ಹುಡುಗಿಗೆ ಸುಳ್ಳು ಹೇಳಬೇಡಿ. ಎಲ್ಲವೂ ಇರುವುದಿಲ್ಲ, ಆದರೆ ಏನೇನು ಉಳಿಯುತ್ತದೆ ಎಂಬುದು ಇನ್ನೂ ತೀರ್ಮಾನವಾಗಿಲ್ಲ ಎಂದು ಹೇಳಿ. ಅದು ನಿಜವೂ ಹೌದು. ಹೆಜ್ಜಾರ್ಲೆಗಳು ಮೀನಿಗಾಗಿ ಬಹು ದೂರ ಹಾರುತ್ತವೆ, ನಿಮ್ಮೂರ ಕೆರೆಗೂ ಬರುತ್ತಿರಬಹುದು. ಡಿಸೆಂಬರ್‌ನ ಒಂದು ಬೆಳಿಗ್ಗೆ ಮಕ್ಕಳನ್ನು ಏರಿಯ ಮೇಲೆ ಕರೆದುಕೊಂಡು ಹೋಗಿ, ಬಂದ ಹಕ್ಕಿಗಳನ್ನು ಎಣಿಸಿ ನೋಟ್‌ಬುಕ್ಕಿನಲ್ಲಿ ಬರೆಯಲು ಹೇಳಿ; ಹಿಂದೆ ಅಲ್ಲಿ ಯಾವ ಯಾವ ಮೀನು ಸಿಗುತ್ತಿತ್ತೆಂದು ಅಜ್ಜ ಅಜ್ಜಿಯರನ್ನು ಕೇಳಿಕೊಂಡು ಬರಲಿ. ಅಂತರಗಂಗೆ ತೆಗೆಸಲು ಪಂಚಾಯಿತಿಗೆ ಅರ್ಜಿ ಕೊಡುವಾಗ ಆ ಪುಟಗಳನ್ನೂ ಜೊತೆಗಿಡಿ. ಮೊದಲ ಎಣಿಕೆಯನ್ನು ಆ ಹುಡುಗಿಯೇ ಬರೆಯಲಿ. ನೋಟ್‌ಬುಕ್ ಶಾಲೆಯಲ್ಲೇ ಇರಲಿ, ಮುಂದಿನ ವರ್ಷ ಐದನೇ ತರಗತಿಗೆ ಬರುವವರು ಅದರಲ್ಲೇ ಮುಂದುವರಿಸುತ್ತಾರೆ.