ಗೇಟು ಕೈಕೊಟ್ಟಾಗ ನೀರಿನ ಮಟ್ಟ ಎಲ್ಲಿಯವರೆಗೆ ನಮ್ಮ ಹಿಡಿತದಲ್ಲಿ?

ಪ್ರಶ್ನೆ: 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 33 ಕ್ರಸ್ಟ್ ಗೇಟುಗಳಲ್ಲಿ 19ನೆಯದು ಸರಪಳಿ ಕಡಿದು ಕೊಚ್ಚಿಹೋಯಿತು. ನಿಯಂತ್ರಣ ವ್ಯವಸ್ಥೆಯ ಒಂದು ಅಂಗ ಹೀಗೆ ಕೆಟ್ಟಾಗ ಯಾವ ಸ್ಥಿತಿಗಳನ್ನು ಇನ್ನೂ ತಲುಪಬಹುದೆಂಬುದನ್ನು, ಲೆಕ್ಕವನ್ನೆಲ್ಲ ಮೊದಲಿನಿಂದ ಮಾಡದೆ ತಿಳಿಯಬಹುದೆ?
– ಎಂಜಿನಿಯರಿಂಗ್ ವಿದ್ಯಾರ್ಥಿ, ಗಂಗಾವತಿ

ಉತ್ತರ: ತಿಳಿಯಬಹುದು. ಉತ್ತರ ನಿಖರವಾಗಿರುವುದಿಲ್ಲ, ಆದರೆ ಖಾತರಿಯಾಗಿರುತ್ತದೆ. ಗೇಟಿನ ಕೆಳಗಿನ ಹರಿವು ನೀರಿನ ಎತ್ತರದ ವರ್ಗಮೂಲವನ್ನು ಅನುಸರಿಸುವುದರಿಂದ, ಎತ್ತರ ನಾಲ್ಕು ಪಟ್ಟಾದರೂ ಹರಿವು ಎರಡೇ ಪಟ್ಟಾಗುತ್ತದೆ. ಸರಳರೇಖೆಯ ಲೆಕ್ಕ ಇಲ್ಲಿ ಸಾಲದು.

ಒಂದು ಕಾಲುವೆಯನ್ನು ಊಹಿಸಿಕೊಳ್ಳಿ. ತೂಬು ಸರಿಯಿದ್ದಾಗ ಒಂದು ಗಂಟೆಯಲ್ಲಿ ನೀರನ್ನು 2ರಿಂದ 3 ಮೀಟರಿನೊಳಗಿನ ಯಾವ ಮಟ್ಟಕ್ಕಾದರೂ ತರಬಹುದಿತ್ತು. ಈಗ ತೂಬು ಹೇಳಿದಷ್ಟು ತೆರೆಯುತ್ತಿಲ್ಲ. ಇದರಿಂದ ಮಟ್ಟ ಬದಲಾಗುವ ವೇಗದಲ್ಲಿ ಗಂಟೆಗೆ ಹೆಚ್ಚೆಂದರೆ 0.2 ಮೀಟರ್ ವ್ಯತ್ಯಾಸ ಬರುತ್ತದೆ, ಮಟ್ಟದಲ್ಲಿನ ಪ್ರತಿ ಒಂದು ಮೀಟರ್ ವ್ಯತ್ಯಾಸವು ಆ ವೇಗವನ್ನು ಗಂಟೆಗೆ 0.1 ಮೀಟರಿನಷ್ಟು ಬದಲಿಸುತ್ತದೆ ಎನ್ನೋಣ. 1919ರಲ್ಲಿ ಗಣಿತಜ್ಞ ಗ್ರೋನ್‌ವಾಲ್ ಕೊಟ್ಟ ಅಸಮತೆಯ (ಅಂತರ ಎಷ್ಟು ಬೆಳೆಯಬಹುದೆಂಬುದಕ್ಕೆ ಮಿತಿ ಹಾಕುವ ಸೂತ್ರದ) ಪ್ರಕಾರ ಒಂದು ಗಂಟೆಯ ಬಳಿಕ, ತೂಬು ಸರಿಯಿದ್ದಾಗಿನ ಮಟ್ಟಕ್ಕೂ ಕೆಟ್ಟಾಗಿನ ಮಟ್ಟಕ್ಕೂ ಇರುವ ಅಂತರ ಸುಮಾರು 0.21 ಮೀಟರನ್ನು ಮೀರದು. ಹಳೆಯ ವ್ಯಾಪ್ತಿಯ ಎರಡೂ ತುದಿಗಳನ್ನು ಅಷ್ಟು ಒಳಕ್ಕೆ ಸರಿಸಿದರೆ ಉಳಿಯುವ 2.21ರಿಂದ 2.79 ಮೀಟರ್ ಖಾತರಿಯ ವ್ಯಾಪ್ತಿ.

ಹತ್ತು ಗಂಟೆಗೆ ಇದೇ ಸೂತ್ರ ಅಂತರ 3.44 ಮೀಟರ್ ಎನ್ನುತ್ತದೆ, ಅಂದರೆ ವ್ಯಾಪ್ತಿಯೇ ಅಳಿಸಿಹೋಗುತ್ತದೆ. ವಿದ್ಯಾರ್ಥಿಗಳು ಇಲ್ಲಿ ಕೈಚೆಲ್ಲುವುದನ್ನು ಕಂಡಿದ್ದೇನೆ. ತಪ್ಪು ಸೂತ್ರದ್ದಲ್ಲ, ಚಿಹ್ನೆಯನ್ನು ಕಡೆಗಣಿಸಿದ್ದರದು. ಮಟ್ಟ ಏರಿದಷ್ಟೂ ಹೊರಹರಿವು ಹೆಚ್ಚುವುದರಿಂದ ಅಂತರ ತಾನಾಗಿ ಕುಗ್ಗುತ್ತದೆ, ಆ 0.1ನ್ನು ಋಣ ಚಿಹ್ನೆಯೊಡನೆ ತೆಗೆದುಕೊಂಡರೆ ಹತ್ತು ಗಂಟೆಯ ಅಂತರ 1.26 ಮೀಟರಿಗೆ ಇಳಿಯುತ್ತದೆ. ಅದೂ ಹೆಚ್ಚೆನಿಸಿದರೆ ಗಂಟೆಗೊಮ್ಮೆ ಮಟ್ಟ ಅಳೆದು ಲೆಕ್ಕವನ್ನು ಅಲ್ಲಿಂದಲೇ ಹೊಸದಾಗಿ ಹಿಡಿಯಬೇಕು. ನೀರು ತಳಮಟ್ಟಕ್ಕೆ ಹತ್ತಿರವಾದಾಗ ವರ್ಗಮೂಲದ ಇಳಿಜಾರು ಅನಂತವಾಗುತ್ತದೆ. ಅಲ್ಲಿ ಗ್ರೋನ್‌ವಾಲ್ ಅಸಮತೆ ನಿಲ್ಲದಿದ್ದರೂ ಬಿಹಾರಿ ಎಂಬ ಗಣಿತಜ್ಞರ 1956ರ ಅಸಮತೆ ನಿಲ್ಲುತ್ತದೆ.

ಇದು ಒಳ ಅಂದಾಜು, ಅಂದರೆ ಖಂಡಿತ ತಲುಪಬಲ್ಲ ಮಟ್ಟಗಳನ್ನು ಮಾತ್ರ ಹೇಳುವಂಥದ್ದು. ಕಾಲುವೆಯ ಕೊನೆ ಭಾಗದ ರೈತರಿಗೆ ನೀರು ಮುಟ್ಟಿಸಲು ಸಾಧ್ಯವೇ ಎಂಬ ಪ್ರಶ್ನೆಗೆ ಇದನ್ನು ಬಳಸಬೇಕು. ಕಾಲುವೆಯ ಏರಿಯನ್ನು ಮೀರಿ ನೀರು ಹರಿದೀತೇ ಎಂಬ ಪ್ರಶ್ನೆಗೆ ಹೊರ ಅಂದಾಜು, ಅಂದರೆ ತಲುಪಬಹುದಾದ ಎಲ್ಲ ಮಟ್ಟಗಳನ್ನೂ ಒಳಗೊಳ್ಳುವ ವ್ಯಾಪ್ತಿ ಬೇಕು. ಗೇಟು ಸಿಕ್ಕಿಬಿದ್ದಾಗ ನಮ್ಮ ಆಯ್ಕೆಗಳು ಕಡಿಮೆಯಾಗುತ್ತವೆಯೇ ಹೊರತು ಹೊಸವು ಸೇರುವುದಿಲ್ಲವಾದ್ದರಿಂದ ಹಳೆಯ ಪೂರ್ಣ ವ್ಯಾಪ್ತಿಯೇ ಆ ಕೆಲಸಕ್ಕೆ ಸಾಕು. ಒಂದಕ್ಕಿಂತ ಹೆಚ್ಚು ಮಟ್ಟಗಳನ್ನು ಒಟ್ಟಿಗೆ ಲೆಕ್ಕಿಸುವಾಗ ಮಾತ್ರ, ಅಂಚನ್ನು ಒಳಕ್ಕೆ ಸರಿಸುವ ಮುನ್ನ, ಕೆಟ್ಟ ವ್ಯವಸ್ಥೆ ತಲುಪಬಲ್ಲ ಸ್ಥಿತಿಗಳ ನಡುವೆ ತೂತುಗಳಿಲ್ಲವೆಂದು, ಅಂದರೆ ತಲುಪಲಾಗದ ಸ್ಥಿತಿಗಳು ಮಧ್ಯೆ ಉಳಿದಿಲ್ಲವೆಂದು ಖಚಿತಪಡಿಸಿಕೊಳ್ಳಿ.